ಬಿಸಿಲಿನ ಚೀಟಿ



ಕಳೆದ ತಿಂಗಳ ಸಭೆ ಮುಗಿದು, ಉಪ್ಪಿಟ್ಟು ಕೇಸರಿಭಾತಿನ ತಟ್ಟೆ ಹಿಡಿದು ನಿಂತಿದ್ದಾಗ, ಕುವೈತಿಗೆ ಹೊಸದಾಗಿ ಬಂದಿರುವ ಯುವಕರೊಬ್ಬರು ನಮ್ಮ ಹತ್ತಿರ ಬಂದರು. ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ, ತಾರಸಿಗೆ ಸೋಲಾರ್ ಹಾಕಿಸುವ ಯೋಚನೆ. ಮೊಬೈಲಿಗೆ ಬಂದ ಒಂದು ಜಾಹೀರಾತು ತೋರಿಸಿ, "ಡಾಕ್ಟ್ರೇ, ಕರೆಂಟಿಗೆ ಬೇರೆ ದುಡ್ಡು, ಅದರ ಹಸಿರು ಸರ್ಟಿಫಿಕೇಟಿಗೆ ಬೇರೆ ದುಡ್ಡು ಬರುತ್ತಂತೆ. ನಿಮ್ಮ ಮನೇಲಿ ಸೋಲಾರ್ ಇದೆಯಲ್ಲ, ಇದು ನಿಜವೇ?" ಎಂದು ಕೇಳಿದರು. ನಾವು ಗಂಡಹೆಂಡಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೇಸರಿಭಾತು ಗಂಟಲಿನಲ್ಲೇ ನಿಂತಿತು. ಅವರಿಗೆ ಅಲ್ಲಿ ಅರ್ಧ ಉತ್ತರ ಹೇಳಿ ಬಂದೆವು. ಪೂರ್ತಿ ಉತ್ತರ ಈ ಲೇಖನ. ಇದನ್ನು ನಾವು 2019ರಲ್ಲಿಯೇ ಬರೆಯಬೇಕಾಗಿತ್ತು.

ಮೊದಲು ನಮ್ಮ ತಾರಸಿಯ ವಿಷಯ. ದಾವಣಗೆರೆಯ ನಮ್ಮ ಮನೆಯಲ್ಲಿ ಅಮ್ಮ ಇದ್ದಾರೆ. 2015ರ ರಜೆಯಲ್ಲಿ ಅಲ್ಲಿ ಮೂರು ಕಿಲೋವ್ಯಾಟಿನ ಸೋಲಾರ್ ಫಲಕ ಹಾಕಿಸಿದೆವು. ಅದಕ್ಕೆ ಕಾರಣವೂ ಇತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದಂತೆ, ಸಬ್ಸಿಡಿ ತೆಗೆದುಕೊಳ್ಳದೆ ತಾರಸಿಗೆ ಸೋಲಾರ್ ಹಾಕಿಸಿದವರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ. ಒಪ್ಪಂದ 25 ವರ್ಷಕ್ಕೆ. ಅಮ್ಮ ಬಳಸಿ ಮಿಕ್ಕಿದ್ದು ಬೆಸ್ಕಾಂ ತಂತಿಗೆ ಹೋಗುತ್ತದೆ. ದಿನಕ್ಕೆ ಸುಮಾರು 12 ಯೂನಿಟ್ ಹುಟ್ಟುತ್ತದೆ. ಅಮ್ಮನಿಗೆ ಐದು ಸಾಕು. ವರ್ಷಕ್ಕೆ ಇಪ್ಪತ್ತು ಇಪ್ಪತ್ತನಾಲ್ಕು ಸಾವಿರ ರೂಪಾಯಿ ಮನೆಗೆ ಬರಲು ಶುರುವಾಯಿತು. ಅಮ್ಮನಿಗೋ ಹಿಗ್ಗೋ ಹಿಗ್ಗು. ಅರಿಸಿನ ಕುಂಕುಮಕ್ಕೆ ಬಂದವರಿಗೆಲ್ಲ, "ನಮ್ಮ ಮನೆ ಮಿಕ್ಸಿ ತಿರುಗಿಸೋನು ಸಾಕ್ಷಾತ್ ಸೂರ್ಯನಾರಾಯಣ" ಎಂದು ಹೇಳಿಕೊಳ್ಳುತ್ತಿದ್ದರು.

ಇಲ್ಲಿ ಕುವೈತಿನಲ್ಲಿ ಬಿಸಿಲಿಗೇನು ಬರ? 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ನಾಡು ಇದು. ಆದರೂ ಮನೆಗಳ ಮೇಲೆ ಫಲಕ ಕಾಣುವುದು ಅಪರೂಪ. ಕುವೈತಿ ಮನೆಗಳಿಗೆ 1966ರಲ್ಲಿ ಗೊತ್ತುಮಾಡಿದ ದರ ಯೂನಿಟ್ಟಿಗೆ 2 ಫಿಲ್ಸ್. ಅರ್ಧ ಶತಮಾನ ದಾಟಿದರೂ ಅದು ಅಲುಗಲಿಲ್ಲ. 2016ರ ಕಾನೂನಿನಿಂದ ನಮ್ಮಂಥವರ ಫ್ಲ್ಯಾಟುಗಳಿಗೆ 5 ಫಿಲ್ಸ್ ಆಯಿತು, ಅಷ್ಟೆ. ಇಷ್ಟು ಅಗ್ಗವಾದ ಕರೆಂಟಿರುವಾಗ ಯಾರು ತಾನೇ ಸಾಲ ಮಾಡಿ ಸೋಲಾರ್ ಹಾಕಿಸುತ್ತಾರೆ? 2024ರ ಜೂನಿನಲ್ಲಿ ಇಲ್ಲಿಯೂ ಸರದಿಯ ಮೇಲೆ ಕರೆಂಟು ತೆಗೆದಾಗ ಮಾತ್ರ ಎಲ್ಲರಿಗೂ ಒಮ್ಮೆ ತಲೆಯ ಮೇಲಿನ ಸೂರ್ಯನ ನೆನಪಾಯಿತು.

ಆದ್ದರಿಂದ ಇಲ್ಲಿಯ ಕನ್ನಡಿಗರಿಗೆ ಸೋಲಾರ್ ಎಂದರೆ ಊರಿನ ತಾರಸಿ. ಇದನ್ನು ಚೆನ್ನಾಗಿ ಅರಿತ ಒಬ್ಬ ಏಜೆಂಟರು 2019ರ ಮಾರ್ಚಿನಲ್ಲಿ ಕುವೈತಿಗೆ ಬಂದರು. ಆ ಫೆಬ್ರವರಿಯಲ್ಲಷ್ಟೇ ಶಗಾಯದ ಮರುಭೂಮಿಯಲ್ಲಿ ಸೂರ್ಯ ಮತ್ತು ಗಾಳಿಯಿಂದ 70 ಮೆಗಾವ್ಯಾಟ್ ತೆಗೆಯುವ ಕೇಂದ್ರದ ಉದ್ಘಾಟನೆಯಾಗಿತ್ತು. ಪತ್ರಿಕೆ ತುಂಬ ಅದರದೇ ಚಿತ್ರ. ಫರ್ವಾನಿಯಾದ ಒಂದು ಹೋಟೆಲಿನ ಮಹಡಿಯಲ್ಲಿ ಚಹಾ, ಸಮೋಸ, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ. ಅವರು ಹೇಳಿದ್ದಿಷ್ಟು: ಸೋಲಾರಿನಲ್ಲಿ ಸಾವಿರ ಯೂನಿಟ್ ಹುಟ್ಟಿದರೆ ಒಂದು ಸರ್ಟಿಫಿಕೇಟು ಹುಟ್ಟುತ್ತದೆ. ಅದನ್ನು ದೆಹಲಿಯ ವಿದ್ಯುತ್ ಪೇಟೆಯಲ್ಲಿ ಮಾರಬಹುದು. ಒಂದಕ್ಕೆ 12 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ನಿಮ್ಮ ತಾರಸಿಗೆ ವರ್ಷಕ್ಕೆ ನಾಲ್ಕು ಸರ್ಟಿಫಿಕೇಟು, ಅಂದರೆ 48 ಸಾವಿರ. ನೋಂದಣಿಗೆ ಮಾತ್ರ 40 ದಿನಾರ್ ಕಟ್ಟಿ. ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ.

ನಾವು ಕಟ್ಟಿದೆವು. ಆಗಿನ ಲೆಕ್ಕದಲ್ಲಿ ಸುಮಾರು ಒಂಬತ್ತು ಸಾವಿರ ರೂಪಾಯಿ. ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬೇಕಿರಲಿಲ್ಲ. ನಮ್ಮನ್ನು ನೋಡಿ ಇನ್ನೂ ನಾಲ್ಕು ಮನೆಯವರು ಕಟ್ಟಿದರು. "ಡಾಕ್ಟರ ಮನೆಯವರೇ ಕಟ್ಟಿದ್ದಾರೆ ಅಂದ ಮೇಲೆ" ಎಂಬ ಮಾತು ನಮ್ಮ ಕಿವಿಗೂ ಬಿದ್ದಿತ್ತು. ಅದು ಆಗ ಹಿತವಾಗಿಯೇ ಇತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆಯನ್ನು ರೋಗಿಗಳಿಗೆ ಎಷ್ಟು ಸಲ ಹೇಳಿದ್ದೇವೋ! ಆ ದಿನ ನಾವು ಕೊಟ್ಟಿಗೆಯನ್ನು ಗುಡಿಸಿ ಸಾರಿಸಿ ರಂಗೋಲಿಯನ್ನೂ ಹಾಕಿದೆವು.

ನಾವು ಇಷ್ಟು ಸುಲಭವಾಗಿ ನಂಬಲು ಇನ್ನೊಂದು ಕಾರಣವಿತ್ತು. ನಮ್ಮ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. 2010ರ ಕೊನೆಯಲ್ಲಿ ತನ್ನ ಮನೆಗೆ ಫಲಕ ಹಾಕಿಸಿದ. ಅಲ್ಲಿ ಈ ವ್ಯಾಪಾರ ನಿಜವಾಗಿಯೂ ಇದೆ. ಜನರಿಗೆ ಕರೆಂಟು ಮಾರುವ ಕಂಪೆನಿಗಳು ತಾವು ಮಾರುವುದರಲ್ಲಿ ಇಂತಿಷ್ಟು ಪಾಲು ಸೂರ್ಯನದಾಗಿರಬೇಕು ಎಂದು ಆ ರಾಜ್ಯದ ಕಾನೂನು. ತಾವೇ ಫಲಕ ಹಾಕದ ಕಂಪೆನಿಗಳು ಮನೆಯವರಿಂದ ಸರ್ಟಿಫಿಕೇಟು ಕೊಂಡು ಲೆಕ್ಕ ತೋರಿಸುತ್ತವೆ, ಇಲ್ಲವೇ ದಂಡ ಕಟ್ಟುತ್ತವೆ. ತಮ್ಮ ತಿಂಗಳಿಗೊಮ್ಮೆ ಮೀಟರ್ ಓದಿ ಅಂಕಿ ಕಳಿಸುತ್ತಾನೆ. ಸಾವಿರ ಯೂನಿಟ್ ತುಂಬಿದೊಡನೆ ಅವನ ಖಾತೆಗೆ ಒಂದು ಸರ್ಟಿಫಿಕೇಟು ಜಮೆ. ವರ್ಷಕ್ಕೆ ಎಂಟು.

ಅವನ ಕಥೆಯಲ್ಲೂ ಒಂದು ಪಾಠವಿದೆ. ಅವನು ಶುರುಮಾಡಿದಾಗ ಒಂದಕ್ಕೆ 600 ಡಾಲರಿಗೂ ಮೇಲೆ ಬೆಲೆ. ವರ್ಷಕ್ಕೆ 4,800 ಡಾಲರ್ ಬರುತ್ತದೆಂದು ಲೆಕ್ಕ ಹಾಕಿ ಸಾಲದ ಕಂತು ಗೊತ್ತುಮಾಡಿಕೊಂಡ. ಎಲ್ಲರೂ ಅದೇ ಲೆಕ್ಕ ಹಾಕಿ ತಾರಸಿ ತುಂಬಿಸಿದರು. ಕಂಪೆನಿಗಳಿಗೆ ಬೇಕಾದಷ್ಟಕ್ಕಿಂತ ಹೆಚ್ಚು ಸರ್ಟಿಫಿಕೇಟು ಪೇಟೆಗೆ ಬಂತು. 2012ರಲ್ಲಿ ಬೆಲೆ 100 ಡಾಲರಿನ ಆಸುಪಾಸಿಗೆ ಕುಸಿಯಿತು. 4,800 ಹೋಗಿ 800! ಕಂತು ಮಾತ್ರ ಅಷ್ಟೇ ಇತ್ತು. ಆ ಎರಡು ವರ್ಷ ಅವನು ಊರಿಗೆ ಬರಲಿಲ್ಲ. ಆಮೇಲೆ ಕಾನೂನು ತಿದ್ದಿ ಪಾಲು ಹೆಚ್ಚಿಸಿದ್ದರಿಂದ ಬೆಲೆ ಚೇತರಿಸಿಕೊಂಡಿತು. ಅವನ ಬೀದಿಯಲ್ಲೇ ಒಬ್ಬರು ಮೊದಲೇ ಕೆಲವು ವರ್ಷಕ್ಕೆ ಕಡಿಮೆ ಬೆಲೆಗೆ ಗುತ್ತಿಗೆ ಬರೆದುಕೊಟ್ಟಿದ್ದರು. ಅವರನ್ನು ಕಂಡು ನಕ್ಕವರೆಲ್ಲ 2012ರಲ್ಲಿ ಸುಮ್ಮನಾದರು. ಆ ಯೋಜನೆಗೆ ಹೊಸಬರನ್ನು ಸೇರಿಸಿಕೊಳ್ಳುವುದು 2020ರ ಏಪ್ರಿಲ್ ಕೊನೆಗೆ ನಿಂತು, ಬೇರೆ ಯೋಜನೆಗಳು ಬಂದಿವೆ.

ಮತ್ತೆ ನಮ್ಮ ಕಥೆಗೆ. ಏಪ್ರಿಲ್ ಕಳೆಯಿತು, ಜೂನ್ ಕಳೆಯಿತು. ಏಜೆಂಟರ ಫೋನು ಮೊದಲು ಬಿಜಿ, ಆಮೇಲೆ ಸ್ವಿಚ್ ಆಫ್. ಆಗಸ್ಟಿನಲ್ಲಿ ರಜೆಗೆ ಹೋದಾಗ ನಮ್ಮ ಬೀದಿಯ ನಿವೃತ್ತ ವಿದ್ಯುತ್ ಎಂಜಿನಿಯರರ ಮನೆಗೆ ಕಾಗದಗಳ ಕಟ್ಟು ಹೊತ್ತುಕೊಂಡು ಹೋದೆವು. ಅವರು ಕನ್ನಡಕ ಏರಿಸಿ, ಬೆಸ್ಕಾಂ ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿ, "ಇದನ್ನ ಸಹಿ ಮಾಡೋ ಮುಂಚೆ ಓದಿದ್ರಾ ಡಾಕ್ಟ್ರೇ?" ಎಂದರು. ನಾವು ಸುಮ್ಮನಿದ್ದೆವು. ರೋಗಿಗಳಿಗೆ ಆಪರೇಷನ್ನಿನ ಒಪ್ಪಿಗೆ ಪತ್ರ ಓದಿ ಸಹಿ ಮಾಡಿ ಎಂದು ಹೇಳುವ ಕಸುಬು ನಮ್ಮದು!

ಅವರು ಬಿಡಿಸಿ ಹೇಳಿದ್ದು ಹೀಗೆ. ಭಾರತದಲ್ಲಿ ಈ ಸರ್ಟಿಫಿಕೇಟಿನ ಏರ್ಪಾಡು ಇರುವುದು ನಿಜ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2010ರಲ್ಲಿ ನಿಯಮ ಮಾಡಿತು. 2011ರ ಮಾರ್ಚಿನಲ್ಲಿ ಪೇಟೆ ತೆರೆಯಿತು. ಒಂದು ಸರ್ಟಿಫಿಕೇಟಿಗೆ ಸಾವಿರ ಯೂನಿಟ್ ಎಂಬುದೂ ನಿಜ. ಸೋಲಾರಿಗೆ ಆಗ ಕನಿಷ್ಠ ಬೆಲೆ 12 ಸಾವಿರ ಇದ್ದದ್ದೂ ನಿಜ. ಆದರೆ ಅದು 2012ರಲ್ಲಿ 9,300ಕ್ಕೆ, 2015ರಲ್ಲಿ 3,500ಕ್ಕೆ, 2017ರಲ್ಲಿ ಬರೀ ಒಂದು ಸಾವಿರಕ್ಕೆ ಇಳಿದಿತ್ತು. ಏಜೆಂಟರು 2019ರಲ್ಲಿ ತೋರಿಸಿದ್ದು 2011ರ ಬೆಲೆಪಟ್ಟಿ. (2022ರ ಹೊಸ ನಿಯಮದಲ್ಲಿ ಆ ಕನಿಷ್ಠ ಬೆಲೆಯನ್ನೂ ತೆಗೆದರು.)

ಇದು ಸಣ್ಣ ಮೋಸ. ದೊಡ್ಡದು ಬೇರೆ ಇತ್ತು. ಆಯೋಗ ಗೊತ್ತುಮಾಡಿದ ವಿಶೇಷ ದರಕ್ಕೆ ಕರೆಂಟು ಮಾರುವವರಿಗೆ ಆ ಕರೆಂಟಿನ ಮೇಲೆ ಸರ್ಟಿಫಿಕೇಟು ಸಿಗುವುದಿಲ್ಲ ಎಂದು 2010ರ ನಿಯಮದಲ್ಲೇ ಇದೆ. "9.56 ಯಾಕೆ ಕೊಡ್ತಾರೆ ಅಂದ್ಕೊಂಡ್ರಿ? ಕರೆಂಟೂ ಅದರ ಹಸಿರು ಲೆಕ್ಕವೂ ಎರಡೂ ಸೇರಿ ಆ ಬೆಲೆ. ಬೆಸ್ಕಾಂನವರೂ ಇಷ್ಟು ಪಾಲು ಸೂರ್ಯನದು ಅಂತ ಲೆಕ್ಕ ಒಪ್ಪಿಸಬೇಕು. ನೀವು ಮಾರಿದ್ದು ಅವರ ಲೆಕ್ಕಕ್ಕೆ ಹೋಗಿದೆ. ಮಾರಿದ ಎತ್ತನ್ನ ಇನ್ನೊಂದು ಸಂತೆಗೆ ಹೊಡ್ಕೊಂಡು ಹೋಗೋಕಾಗುತ್ತಾ?" ಎಂದರು.

ಆಗ ನಮಗೆ ಮೆಡಿಕಲ್ ಕಾಲೇಜಿನ ರಕ್ತನಿಧಿ ನೆನಪಾಯಿತು. ರಕ್ತ ಕೊಟ್ಟವರಿಗೆ ಕೆಲವು ರಕ್ತನಿಧಿಗಳು ಒಂದು ಕಾರ್ಡು ಕೊಡುತ್ತವೆ. ಅದನ್ನು ತೋರಿಸಿ ಬೇಕಾದಾಗ ನಮ್ಮವರಿಗಾಗಿ ಒಂದು ಬಾಟಲಿ ಕೇಳಬಹುದು. ರಕ್ತ ಯಾರ ಮೈಗೋ ಸೇರಿರುತ್ತದೆ, ಕಾರ್ಡು ಬೇರೆಯಾಗಿ ಓಡಾಡುತ್ತಿರುತ್ತದೆ. ಆ ಕಾರ್ಡನ್ನು ಪಕ್ಕದವರಿಗೆ ಕೊಟ್ಟ ಮೇಲೆ, ನಾಳೆ ಮತ್ತೆ ಅದೇ ರಕ್ತದ ಹೆಸರಿನಲ್ಲಿ ಇನ್ನೊಂದು ಬಾಟಲಿ ಕೇಳಲು ಬರುವುದಿಲ್ಲ. ಕರೆಂಟು ಮತ್ತು ಅದರ ಸರ್ಟಿಫಿಕೇಟು ಹೀಗೆಯೇ. ಎರಡನ್ನೂ ಬಿಡಿಸಬಹುದು, ಬೇರೆ ಬೇರೆಯಾಗಿ ಮಾರಬಹುದು. ಆದರೆ ಒಂದೊಂದನ್ನೂ ಒಂದೇ ಸಲ.

ಇನ್ನೂ ಒಂದು ಮಾತು ನಮ್ಮನ್ನು ಕಾಡಿತು. ಸರ್ಟಿಫಿಕೇಟು ಮಾರಿದ ಮೇಲೆ "ನಮ್ಮ ಮನೆ ಸೂರ್ಯನಿಂದ ನಡೆಯುತ್ತದೆ" ಎಂದು ಹೇಳಬಹುದೇ? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರ ತನ್ನ ಮಾರ್ಗಸೂಚಿಯಲ್ಲಿ, ಫಲಕ ಹಾಕಿ ಅದರ ಸರ್ಟಿಫಿಕೇಟುಗಳನ್ನೆಲ್ಲ ಮಾರಿದ ವ್ಯಾಪಾರಿ ತಾನು ಸೂರ್ಯನ ಕರೆಂಟು ಬಳಸುತ್ತೇನೆಂದು ಹೇಳಿಕೊಂಡರೆ ಅದು ಜನರ ದಾರಿ ತಪ್ಪಿಸಿದಂತೆ ಎಂದಿದೆ. ತಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆವು. "ಅಣ್ಣಾ, ನಾನು ಮಕ್ಕಳ ಸ್ಕೂಲಲ್ಲಿ ಭಾಷಣ ಮಾಡಿ ಬಂದಿದೀನಲ್ಲೋ!" ಎಂದು ನಕ್ಕ. ನಕ್ಕರೂ ಅವನಿಗೆ ಚುಚ್ಚಿತು.

ಅಮ್ಮ ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಓದಿದ್ದು ನಾಲ್ಕನೆಯ ಕ್ಲಾಸು. ಮದುವೆಯಾಗಿ ಬಂದ ಹೊಸತರಲ್ಲಿ ಎಮ್ಮೆ ಕಟ್ಟಿ ಹಾಲು ಮೊಸರು ಮಾರಿದವರು. ಅವರೆಂದರು: "ಇಷ್ಟೇನಾ? ಬೆಣ್ಣೆ ತೆಗೆದು ಮಾರಬಹುದು, ಮಜ್ಜಿಗೆ ಮಾರಬಹುದು. ಬೆಣ್ಣೆ ತೆಗೆದ ಮಜ್ಜಿಗೆಯನ್ನ ಮೊಸರು ಅಂತ ಮಾರಬಾರದು. ಇದಕ್ಕೆ ಎಂಜಿನಿಯರ್ ಮನೆಗೆ ಹೋಗಬೇಕಿತ್ತಾ?" ಅಂದಿನಿಂದ ಅರಿಸಿನ ಕುಂಕುಮದ ಮಾತೂ ಬದಲಾಯಿತು. "ನಮ್ಮ ಮನೆ ಮಿಕ್ಸಿಗೆ ಸೂರ್ಯ, ಮಿಕ್ಕಿದ್ದು ಬೆಸ್ಕಾಂಗೆ ಮಾರಿದೀವಿ" ಎನ್ನುತ್ತಾರೆ. ಲೆಕ್ಕ ಸರಿಯಾಗಿದೆ.

ಹಾಗೆಂದು ಸೋಲಾರ್ ಹಾಕಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಆ 9.56ರ ಕಾಲ ಮುಗಿದಿದೆ. 2016ರ ಮೇ ತಿಂಗಳಲ್ಲೇ ಹೊಸ ಸಣ್ಣ ತಾರಸಿಗಳಿಗೆ ಸಬ್ಸಿಡಿಯಿಲ್ಲದ ದರ 7.08 ಆಯಿತು, ಆಮೇಲೆ ಇನ್ನೂ ಇಳಿಯಿತು. ಆದರೆ ಫಲಕದ ಬೆಲೆಯೂ ಇಳಿದಿದೆ. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಗೊತ್ತುಮಾಡಿದ್ದಾರೆ. ನೂರಾರು ತಾರಸಿಗಳನ್ನು ಕೂಡಿಸಿ ಹಸಿರು ಲೆಕ್ಕವನ್ನು ಮಾರಿಕೊಡುತ್ತೇವೆ ಎನ್ನುವವರು ಇನ್ನೂ ಬರುತ್ತಾರೆ. ಎಲ್ಲರೂ ಕಳ್ಳರೇನಲ್ಲ. ಅವರಿಗೆ ನಾಲ್ಕು ಪ್ರಶ್ನೆ ಕೇಳಿ. ಒಂದು, ನನ್ನ ಒಪ್ಪಂದದ ಪ್ರಕಾರ ಹಸಿರು ಲೆಕ್ಕ ಈಗ ಯಾರ ಸ್ವತ್ತು? ಎರಡು, ನೀವು ಹೇಳುವ ಬೆಲೆ ಯಾವ ತಿಂಗಳದ್ದು, ಯಾವ ವರ್ಷದ್ದು? ಮೂರು, ಬೆಲೆ ಬಿದ್ದರೆ ನಷ್ಟ ಯಾರಿಗೆ? ನಾಲ್ಕು, ಮೀಟರ್ ಓದುವವರು ಯಾರು, ಅದನ್ನು ನಾನು ಎಲ್ಲಿ ನೋಡಬಹುದು? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮುಂಗಡ ಕೇಳಿದರೆ ಚಹಾ ಕುಡಿದು ಎದ್ದು ಬನ್ನಿ. ಸರ್ಟಿಫಿಕೇಟಿನ ದುಡ್ಡನ್ನು ಸಾಲದ ಕಂತಿಗಂತೂ ಲೆಕ್ಕ ಹಿಡಿಯಲೇಬೇಡಿ.

ರಜೆ ಮುಗಿಸಿ ಬಂದ ವಾರವೇ ಆ ನಾಲ್ಕು ಮನೆಗಳಿಗೂ ನಲವತ್ತು ನಲವತ್ತು ದಿನಾರ್ ಲಕೋಟೆಯಲ್ಲಿಟ್ಟುಕೊಂಡು ಹೋದೆವು. ಮೂರು ಮನೆಯವರು ಬೇಡ ಬೇಡವೆಂದು ತೆಗೆದುಕೊಂಡರು. ನಾಲ್ಕನೆಯವರು ಅಬ್ಬಾಸಿಯಾದಲ್ಲಿರುವ ಕುಂದಾಪುರ ಕಡೆಯ ನರ್ಸ್. ಊರಿನ ಮನೆಯ ಸಾಲ ಇನ್ನೂ ತೀರಿರಲಿಲ್ಲ. ನಾಲ್ವರಲ್ಲಿ ದುಡ್ಡಿನ ಅಗತ್ಯ ಹೆಚ್ಚಿದ್ದದ್ದು ಅವರಿಗೇ. ಲಕೋಟೆಯನ್ನು ಹಿಂದಕ್ಕೆ ತಳ್ಳಿ, "ದುಡ್ಡು ಬೇಡ ಅಕ್ಕ. ಡಾಕ್ಟ್ರು ಇದನ್ನ ಕೂಟದ ಪತ್ರಿಕೆಯಲ್ಲಿ ಬರೀಲಿ. ಇನ್ನೊಬ್ರು ಕಟ್ಟೋದು ತಪ್ಪತ್ತೆ" ಎಂದರು. ಆಗಲಿ ಎಂದು ಮಾತು ಕೊಟ್ಟು ಬಂದೆವು. ನಾಚಿಕೆಯಿಂದ ಬರೆಯಲಿಲ್ಲ. ಪ್ರತಿ ಸಂಚಿಕೆ ಬಂದಾಗಲೂ ಮುಂದಿನ ಸಲ ಎಂದುಕೊಂಡೆವು. ಕಳೆದ ತಿಂಗಳು ಆ ಯುವಕರು ಜಾಹೀರಾತು ತೋರಿಸಿ ಕೇಳಿದಾಗ, ಮತ್ತೊಂದು ಮನೆಯವರು ನಮ್ಮ ಬಾಯಿಂದ ಹೌದು ಎನ್ನಿಸಿಕೊಳ್ಳಲು ಕಾದು ನಿಂತಿರುವುದು ಕಂಡಿತು.

ಆ ನಲವತ್ತು ದಿನಾರಿನ ಲಕೋಟೆ ಇನ್ನೂ ನಮ್ಮ ಬೀರುವಿನಲ್ಲಿದೆ. ಈ ಸಂಚಿಕೆಯ ಪ್ರತಿಯನ್ನು ಅದರ ಜೊತೆಗಿಟ್ಟು, ಮುಂದಿನ ಶುಕ್ರವಾರ ಅಬ್ಬಾಸಿಯಾಕ್ಕೆ ಹೋಗುವವರಿದ್ದೇವೆ.