ದಾರಿಯ ಮಗನ ಹಕ್ಕು



ಝಕಾತ್ ಪಡೆಯಲು ಅರ್ಹರಾದವರು ಯಾರು ಎಂಬ ಪಾಠವನ್ನು ನಾವು ಮದರಸದಲ್ಲಿ ಪ್ರತಿವರ್ಷವೂ ಬೋಧಿಸುತ್ತೇವೆ. ಪವಿತ್ರ ಕುರ್‌ಆನಿನ ಒಂಬತ್ತನೆಯ ಅಧ್ಯಾಯವು ಅಂಥ ಎಂಟು ವರ್ಗಗಳನ್ನು ಹೆಸರಿಸಿದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಸಿಲುಕಿದವರು ಮೊದಲಾದವರನ್ನು ಹೇಳಿ ಕೊನೆಯಲ್ಲಿ ಬರುವವನು 'ಇಬ್ನುಸ್ಸಬೀಲ್'. ಈ ಅರಬೀ ಪದಕ್ಕೆ 'ದಾರಿಯ ಮಗ' ಎಂದು ಅರ್ಥ. ತನ್ನ ಊರಿನಲ್ಲಿ ಸಿರಿವಂತನೇ ಆಗಿದ್ದರೂ ದಾರಿಯಲ್ಲಿ ಕೈ ಬರಿದಾದವನಿಗೆ ನಮ್ಮ ಸಂಪತ್ತಿನಲ್ಲಿ ಹಕ್ಕಿದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಇಪ್ಪತ್ತು ವರ್ಷ ಕಲಿಸಿದ ಈ ಪಾಠ ನಮಗೇ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುವ ಸಲುವಾಗಿ ಇಂದು ಬರೆಯುತ್ತಿದ್ದೇವೆ.

ನಮ್ಮದು ಆಳಂದ ತಾಲ್ಲೂಕಿನ ಖಜೂರಿ, ಮಹಾರಾಷ್ಟ್ರದ ಗಡಿಯ ಊರು. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ಸೀಮೆಯಿದು. ಗಾಣಗಾಪುರದ ದತ್ತ ಕ್ಷೇತ್ರಕ್ಕೆ ನಡೆದು ಹೋಗುವವರು, ಕಲಬುರಗಿಯ ಖ್ವಾಜಾ ಬಂದೇ ನವಾಜರ ಉರುಸಿಗೆ ಹೊರಟ ಫಕೀರರು, ಕಬ್ಬು ಕಡಿಯಲು ಬರುವ ಕೂಲಿಗಳು, ಹೀಗೆ ದಾರಿಹೋಕರು ನಮ್ಮ ಕಣ್ಣಿಗೆ ಹೊಸಬರಲ್ಲ.

ಎರಡು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ ಇಶಾ ನಮಾಜ್ ಮುಗಿಸಿ ನಾವು ಮಸೀದಿಯ ಬಾಗಿಲಲ್ಲಿ ನಿಂತಿದ್ದೆವು. ಇಲ್ಲಿ 'ನಾವು' ಎಂದರೆ ಈ ಬರಹಗಾರ ಮತ್ತು ಮದರಸದಲ್ಲಿ ಗಣಿತ ಹೇಳಿಕೊಡುವ ನಮ್ಮ ಕಿರಿಯ ಸಹೋದ್ಯೋಗಿ. ಒಬ್ಬ ತರುಣ ಸೈಕಲ್ ತಳ್ಳಿಕೊಂಡು ಬಂದ. ಹಿಂದಿನ ಚಕ್ರ ನೆಲಕ್ಕಂಟಿತ್ತು; ಬಟ್ಟೆ, ಗಂಟು ಎಲ್ಲವೂ ತೊಯ್ದಿದ್ದವು. ಅಜ್ಮೇರಿಗೆ ಹೋಗುತ್ತಿದ್ದೇನೆ, ಈ ರಾತ್ರಿ ಇಲ್ಲಿ ಮಲಗಲು ಅಪ್ಪಣೆ ಕೊಡಿ ಎಂದು ಕೇಳಿದ. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡುತ್ತಿತ್ತು. ನಾವು ಆಧಾರ್ ಕಾರ್ಡ್ ಕೇಳಿದೆವು. ದಾರಿಯಲ್ಲಿ ಕಳೆದುಹೋಯಿತೆಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಂದೆ ಉಮರ್ಗಾದಲ್ಲಿ ದೊಡ್ಡ ಮಸೀದಿ ಇದೆ, ಅಲ್ಲಿಗೆ ಹೋಗಿ ಎಂದೆವು. ಅವನು ಮರುಮಾತಾಡದೆ ಸಲಾಮ್ ಹೇಳಿ ಮಳೆಯಲ್ಲಿ ಸೈಕಲ್ ತಳ್ಳುತ್ತ ಹೋದ. ಒಳಗೆ ಚಾಪೆಗಳಿದ್ದವು, ಮನೆಗಳಲ್ಲಿ ರೊಟ್ಟಿಯಿತ್ತು.

ಕಳೆದ ಜನವರಿಯಲ್ಲಿ ನಾವಿಬ್ಬರೂ ಸೈಕಲ್ಲಿನ ಮೇಲೆ ವಿಜಯಪುರಕ್ಕೆ ಹೋಗಿ ಬರಲು ನಿರ್ಧರಿಸಿದಾಗ ಆ ತರುಣನ ನೆನಪು ನಮಗಿರಲಿಲ್ಲ. ಪ್ರಾಯಶ್ಚಿತ್ತಕ್ಕಾಗಿ ಹೊರಟೆವೆಂದರೆ ಸುಳ್ಳಾಡಿದಂತೆ. ಗೋಲಗುಮ್ಮಟ ನೋಡುವ ಆಸೆಯಿತ್ತು, ಮದರಸಕ್ಕೆ ರಜೆಯಿತ್ತು, ಅಷ್ಟೇ. ಆಳಂದ, ಕಲಬುರಗಿ, ಜೇವರ್ಗಿ, ಸಿಂದಗಿಯ ಮೇಲೆ ಹೋಗುವುದು. ಇಂಡಿ, ಆಲಮೇಲ, ಅಫಜಲಪುರ, ಗಾಣಗಾಪುರದ ಮೇಲೆ ಹಿಂದಿರುಗುವುದು. ಒಟ್ಟು 400 ಕಿಲೋಮೀಟರಿಗಿಂತ ತುಸು ಹೆಚ್ಚು, ಏಳು ದಿನಗಳ ದಾರಿ.

ಮೊದಲ ದಿನ ಆಳಂದ ದಾಟಿದ ಮೇಲೆ ಸೈಕಲ್ಲಿನ ಚೈನು ತುಂಡಾಯಿತು. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಮುದುಕರು ಅರ್ಧ ಗಂಟೆ ಕುಳಿತು ಅದನ್ನು ಜೋಡಿಸಿಕೊಟ್ಟರು. ಹಣ ಕೊಡಹೋದರೆ, "ಇಡ್ರಿ ಮೌಲಾಸಾಬ್, ಇನ್ನಾ ದೂರ ಹೋಗೋರಿದ್ದೀರಿ, ಮುಂದ ಬೇಕಾಗ್ತಾವ" ಎಂದು ಕೈ ಹಿಂದೆ ಸರಿಸಿದರು. ಊರಿನಲ್ಲಿ ನಾವು ಕೊಡುವವರು. ಫಿತ್ರ್ ಝಕಾತ್ ಹಂಚುವವರು, ಚಂದಾ ಬರೆಯುವವರು. ಒಬ್ಬ ಬಡವನ ಉಪಕಾರವನ್ನು ಪಡೆದು ತಲೆ ತಗ್ಗಿಸಿ ನಿಂತ ಅನುಭವ ನಮಗೆ ಅದೇ ಮೊದಲು.

ಆ ರಾತ್ರಿ ಕಲಬುರಗಿಯಲ್ಲಿ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಹೋದೆವು. ಅವರೂ ದಾರಿಹೋಕರೇ ಆಗಿದ್ದರು. ತೈಮೂರನ ದಾಳಿಯ ಹೊತ್ತಿನಲ್ಲಿ, 1398ರಲ್ಲಿ, ದಿಲ್ಲಿಯನ್ನು ಬಿಟ್ಟು, ಗುಜರಾತ್, ದೌಲತಾಬಾದುಗಳ ಮೂಲಕ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಈ ನಾಡಿಗೆ ಬಂದರು. 1422ರಲ್ಲಿ ಇಲ್ಲಿಯೇ ಮಣ್ಣಾದರು. ಮನೆಮಾರು ಬಿಟ್ಟು ಬಂದ ಆ ವೃದ್ಧರಿಗೆ ಈ ನಾಡು ಅಂದು ಬಾಗಿಲು ಮುಚ್ಚಿದ್ದರೆ ನಾವು ಕಳೆದುಕೊಳ್ಳುತ್ತಿದ್ದುದು ಎಷ್ಟು!

ಎರಡನೆಯ ದಿನ ಫಿರೋಜಾಬಾದಿನ ಪಾಳುಬಿದ್ದ ಕೋಟೆಯನ್ನು ಕಂಡು, ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಭೀಮಾ ನದಿಯನ್ನು ದಾಟಿ ಜೇವರ್ಗಿ ಸೇರಿದೆವು. ಅಲ್ಲಿಯ ಮಸೀದಿಯೊಂದರಲ್ಲಿ ಇಶಾ ನಮಾಜಿಗೆ ನಮ್ಮನ್ನೇ ಇಮಾಮರಾಗಿ ಮುಂದೆ ನಿಲ್ಲಿಸಿದರು. ಪ್ರಯಾಣಿಕನು ನಾಲ್ಕು ರಕ್‌ಅತ್‌ಗಳ ಫರ್ಝ್ ನಮಾಜನ್ನು ಎರಡಕ್ಕೆ ಇಳಿಸುತ್ತಾನೆ. ಆದುದರಿಂದ ನಾವು ಎರಡು ರಕ್‌ಅತ್‌ ಮುಗಿಸಿ ಸಲಾಮ್ ಹೇಳಿ, ನಾವು ಮುಸಾಫಿರರು, ನೀವು ನಿಮ್ಮ ನಮಾಜ್ ಪೂರ್ಣಗೊಳಿಸಿಕೊಳ್ಳಿ ಎಂದೆವು. ಹಿಂದಿನ ಸಾಲುಗಳೆಲ್ಲ ಎದ್ದು ನಿಂತವು. ನಾವು ಕುಳಿತೇ ಇದ್ದೆವು. ಎಷ್ಟೋ ಸಲ ಪಾಠ ಮಾಡಿದ ಮಾತನ್ನು ಅಂದು ಮೊದಲ ಬಾರಿಗೆ ನಮ್ಮ ಬಗ್ಗೆಯೇ ಹೇಳಿಕೊಂಡಿದ್ದೆವು. ಸೃಷ್ಟಿಕರ್ತನು ತನ್ನ ಹಕ್ಕಾದ ನಮಾಜನ್ನೇ ದಾರಿಹೋಕನಿಗಾಗಿ ಅರ್ಧಕ್ಕೆ ಇಳಿಸಿದ್ದಾನೆ. ಮಸೀದಿಯ ಒಂದು ಚಾಪೆಯನ್ನು ಬಿಟ್ಟುಕೊಡಲು ನಮ್ಮಿಂದ ಆಗಿರಲಿಲ್ಲ. ಆ ತರುಣನ ಮುಖ ನೆನಪಾದುದು ಅಲ್ಲಿಯೇ.

ಮೂರನೆಯ ದಿನ ಮಧ್ಯಾಹ್ನ ಸಿಂದಗಿಯ ದಾರಿಯಲ್ಲಿ ತೊಗರಿಯ ರಾಶಿ ನಡೆದಿತ್ತು. ನೀರು ಕೇಳಲು ಒಂದು ಹೊಲಕ್ಕೆ ಇಳಿದೆವು. ಹಣೆಯ ಮೇಲೆ ವಿಭೂತಿ ಧರಿಸಿದ್ದ ಮುದುಕಿಯೊಬ್ಬರು ನಮ್ಮನ್ನು ನೋಡಿ, "ಬರೀ ನೀರು ಕುಡೀಬ್ಯಾಡ್ರಿ ಯಪ್ಪಾ, ಬಿಸಿಲಾಗ ಬಂದೀರಿ. ಕುಂಡ್ರಿ" ಎಂದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಊಟವಾದ ಮೇಲೆ ನಾವು ಸೂರ್ಯನ ಕಡೆ ನೋಡುತ್ತಿದ್ದುದನ್ನು ಗಮನಿಸಿ, "ನಿಮ್ಮ ನಮಾಜಿನ ಹೊತ್ತಾತೇನು? ಬಾವ್ಯಾಗ ನೀರದಾವ, ಕೈಕಾಲು ತೊಳ್ಕೊಳ್ರಿ" ಎಂದು, ಗುಡಿಸಲಿನಿಂದ ಒಗೆದ ಕೌದಿಯೊಂದನ್ನು ತಂದು ಬೇವಿನ ನೆರಳಿನಲ್ಲಿ ಹಾಸಿಕೊಟ್ಟರು. ನಮಾಜ್ ಮುಗಿಸಿ ಕೌದಿ ಮಡಚಿ ಕೊಟ್ಟಾಗಲೇ ಆ ತಾಯಿ, "ಯಾವೂರ್ರಿ ನಿಮ್ದು? ಹೆಸರೇನ್ರಿ?" ಎಂದು ಕೇಳಿದ್ದು.

ಸೈಕಲ್ ಹತ್ತಿದ ಮೇಲೆ ಬಹಳ ದೂರ ನಾವಿಬ್ಬರೂ ಮಾತಾಡಲಿಲ್ಲ. ಕೊನೆಗೆ ಕಿರಿಯ ಸಹೋದ್ಯೋಗಿಯೇ, "ಹಜ್ರತ್, ಆ ಅವ್ವ ಮೊದಲು ರೊಟ್ಟಿ ಕೊಟ್ಟು ಆಮೇಲೆ ಹೆಸರು ಕೇಳಿದರು. ನಾವು ಕಾರ್ಡು ಕೇಳಿ ರೊಟ್ಟಿಯನ್ನೇ ಕೊಡಲಿಲ್ಲ" ಎಂದರು.

ಸಹೋದರರೇ, ಇದು ಪ್ರವಾದಿ ಇಬ್ರಾಹೀಮ್(ಅ)ರವರ ಕ್ರಮ. ಅವರ ಮನೆಗೆ ಬಂದ ಅತಿಥಿಗಳು ದೇವಚರರಾಗಿದ್ದರು, ಆದರೆ ಅದು ಅವರಿಗೆ ತಿಳಿದಿರಲಿಲ್ಲ. ಇವರು ಅಪರಿಚಿತರು ಎಂಬುದಷ್ಟೇ ತಿಳಿದಿತ್ತು. ಅಪರಿಚಿತರೆಂದು ತಿಳಿದೂ ಅವರು ಮೆಲ್ಲನೆ ಒಳಗೆ ಹೋಗಿ ಕೊಬ್ಬಿದ ಕರುವಿನ ಮಾಂಸವನ್ನು ಸಿದ್ಧಪಡಿಸಿ ತಂದು ಮುಂದಿಟ್ಟರೆಂದು ಕುರ್‌ಆನ್ ತಿಳಿಸುತ್ತದೆ. ಅವರು ಯಾರು, ಏಕೆ ಬಂದರು ಎಂಬುದು ಆಮೇಲೆ ತಿಳಿಯಿತು. ಈ ವೃತ್ತಾಂತವನ್ನು ನಾವು ಪ್ರವಚನಗಳಲ್ಲಿ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅದನ್ನು ಆಚರಣೆಯಲ್ಲಿ ಕಂಡದ್ದು ಆ ಹೊಲದಲ್ಲಿ.

ಆ ಸಂಜೆಯೇ ಅಲ್ಲಾಹನು ನಮಗೆ ಪಾಠದ ಇನ್ನೊಂದು ಭಾಗವನ್ನೂ ತೋರಿಸಿದನು. ಕತ್ತಲಾಗುವಾಗ ಒಂದು ಹಳ್ಳಿಯಲ್ಲಿ ನಿಂತು ರಾತ್ರಿ ತಂಗಲು ಜಾಗ ಕೇಳಿದೆವು. ನಾಲ್ಕಾರು ಜನ ಸೇರಿದರು. ನಮ್ಮ ಗಡ್ಡ, ಟೋಪಿ, ಚೀಲಗಳನ್ನು ನೋಡಿದರು. ಕಾರ್ಡ್ ತೋರಿಸಿದೆವು, ಆದರೂ ಅವರ ಅಂಜಿಕೆ ಹೋಗಲಿಲ್ಲ. "ಇಲ್ಲಿ ಬ್ಯಾಡ್ರಿ, ಮುಂದಿನ ಊರಿಗೆ ಹೋಗ್ರಿ" ಎಂದರು. ಬೇರೆ ಸಮಯದಲ್ಲಾಗಿದ್ದರೆ ನಮಗೆ ಸಿಟ್ಟು ಬರುತ್ತಿತ್ತು. ಊರಿಗೆ ಹೋಗಿ ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದೆವು. ಅಂದು ಬಾಯಿ ಬರಲಿಲ್ಲ. ಆ ಮಾತು ನಮ್ಮದೇ ಮಾತಾಗಿತ್ತು. ಹಳ್ಳಿಯ ಹೊರಗಿನ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಚಳಿಯಲ್ಲಿ ಮಲಗಿದೆವು.

ಫಜ್ರ್ ನಮಾಜಿನ ಬಳಿಕ ಪ್ರವಾದಿ ಮೂಸಾ(ಅ) ಮತ್ತು ಖಿಝ್ರ್(ಅ)ರ ಪ್ರಯಾಣದ ವೃತ್ತಾಂತ ನೆನಪಾಯಿತು. ಅವರು ಒಂದು ಊರಿನಲ್ಲಿ ಆಹಾರ ಕೇಳಿದರು, ಊರವರು ಕೊಡಲಿಲ್ಲ. ಆದರೂ ಖಿಝ್ರ್‌ರವರು ಆ ಊರಿನಲ್ಲಿ ಬೀಳುತ್ತಿದ್ದ ಗೋಡೆಯೊಂದನ್ನು ಕೂಲಿ ಪಡೆಯದೆ ನಿಲ್ಲಿಸಿದರು. ಗೋಡೆ ಕಟ್ಟುವ ಶಕ್ತಿ ನಮಗೆಲ್ಲಿಯದು? ತಂಗುದಾಣದ ಮುಂದಿನ ರಸ್ತೆಯ ಮೇಲೆ ಯಾರೋ ಎಳೆದೊಯ್ದ ಜಾಲಿಮುಳ್ಳಿನ ಕೊಂಬೆಗಳು ಚೆಲ್ಲಿದ್ದವು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆ ಮುಳ್ಳುಗಳನ್ನು ಆಯ್ದು ಬದಿಗೆ ಹಾಕಿದೆವು. ಆಗ ಒಬ್ಬ ಹುಡುಗ ಮನೆಯಿಂದ ಸ್ಟೀಲ್ ಕ್ಯಾನಿನಲ್ಲಿ ಚಹಾ ತಂದು, "ನಮ್ಮವ್ವ ಕೊಟ್ಟಾಳ್ರಿ" ಎಂದು ಕೊಟ್ಟು ಓಡಿದ. ಇಡೀ ಊರನ್ನು ಒಂದೇ ಮಾತಿನಲ್ಲಿ ತೂಗಬಾರದೆಂದು ಆ ಚಹಾ ನಮಗೆ ಹೇಳಿತು.

ವಿಜಯಪುರದಲ್ಲಿ ಗೋಲಗುಮ್ಮಟವನ್ನು ನೋಡಿದೆವು. ಆದರೆ ನಾವು ಹೆಚ್ಚು ಹೊತ್ತು ನಿಂತದ್ದು ತಾಜ್ ಬಾವಡಿಯ ಮುಂದೆ. ಎರಡನೆಯ ಇಬ್ರಾಹೀಮ್ ಆದಿಲ್ ಷಾನ ಕಾಲದಲ್ಲಿ, 1620ರಲ್ಲಿ ನಿರ್ಮಾಣಗೊಂಡ ಬಾವಿಯದು. ಅದರ ಕಮಾನಿನ ಎರಡೂ ಕಡೆಯ ಕಟ್ಟಡಗಳು ದಾರಿಹೋಕರ ತಂಗುದಾಣಗಳಾಗಿದ್ದವು. ನೀರನ್ನು ಯೋಚಿಸಿದವರು ನೀರು ಕುಡಿದವನು ಎಲ್ಲಿ ಮಲಗಬೇಕೆಂಬುದನ್ನೂ ಯೋಚಿಸಿದ್ದರು. ನಮ್ಮ ಮಸೀದಿಯಲ್ಲಿ ವುಝೂವಿನ ನಲ್ಲಿಗಳ ಪಕ್ಕದ ಕೋಣೆಯಲ್ಲಿ ಮುರಿದ ಫ್ಯಾನು, ಹಳೆಯ ಶಾಮಿಯಾನ ತುಂಬಿರುವುದು ನೆನಪಾಗಿ ನಾಚಿಕೆಯಾಯಿತು.

ಹಿಂದಿರುಗುವಾಗ ಅಫಜಲಪುರದ ಸೀಮೆಯಲ್ಲಿ, ಭೀಮಾ ತೀರದ ಕಬ್ಬಿನ ಗದ್ದೆಯ ಬದಿಯಲ್ಲಿ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಕಬ್ಬು ಕಡಿಯುವವರ ಗುಡಿಸಲುಗಳು ಸಿಕ್ಕವು. ಹಾಲಿಲ್ಲದ ಚಹಾ ಕೊಟ್ಟರು. ಅವರ ಮಗಳೊಬ್ಬಳು ನಮ್ಮ ಸಹೋದ್ಯೋಗಿಯ ಬಳಿ ಕುಳಿತು ಕಬ್ಬಿನ ತುಂಡುಗಳಲ್ಲಿ ಮಗ್ಗಿ ಹೇಳಿದಳು. ಐದರ ಮಗ್ಗಿಯ ನಂತರ ಅವಳಿಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ತಾವು ಊರು ಬಿಟ್ಟೆವೆಂದು ತಾಯಿ ಹೇಳಿದಳು. ವರ್ಷದ ಅರ್ಧವನ್ನು ದಾರಿಯಲ್ಲಿಯೇ ಕಳೆಯುವ ಇವರಲ್ಲದೆ ಮತ್ತಾರು ದಾರಿಯ ಮಕ್ಕಳು?

ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಕ್ಷೇತ್ರದಲ್ಲಿ, ಪುಣೆಯ ಬ್ಯಾಂಕ್ ಉದ್ಯೋಗಿಯೊಬ್ಬರು ಜೋಳಿಗೆ ಹಿಡಿದು ಮನೆಮನೆಗೆ ಮಧುಕರಿ ಬೇಡುತ್ತಿದ್ದರು. ಭಕ್ತರು ಹೀಗೆ ಭಿಕ್ಷೆ ಬೇಡುವುದು ಅಲ್ಲಿಯ ಸಂಪ್ರದಾಯ. ಅವರ ವಿಶ್ವಾಸ ಅವರಿಗೆ, ನಮ್ಮದು ನಮಗೆ. ಆದರೆ ಅವರು ಹೇಳಿದ ಮಾತನ್ನು ಬರೆಯದಿರಲಾರೆವು: "ಕೊಡೋದು ಸುಲಭ ಮೌಲಾನಾ, ಕೈ ಚಾಚೋದು ಕಷ್ಟ. ಮೊದಲನೇ ಮನೆ ಮುಂದೆ ನಿಂತಾಗ ನನ್ನ ಕಾಲು ನಡುಗಿದವು." ನಮ್ಮ ಧರ್ಮವು ಬೇಡುವುದನ್ನು ಪ್ರೋತ್ಸಾಹಿಸುವುದಿಲ್ಲ, ಕೊಡುವ ಮೇಲಿನ ಕೈಯೇ ಪಡೆಯುವ ಕೆಳಗಿನ ಕೈಗಿಂತ ಉತ್ತಮವೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಆದರೆ ಕೆಳಗಿನ ಕೈಯ ನಡುಕವನ್ನು ಅರಿಯದ ಮೇಲಿನ ಕೈಗೆ ಅಹಂಕಾರ ಬರುವುದು ಸುಲಭ. ನಮಗೆ ಬಂದಿತ್ತು.

ಊರಿಗೆ ಮರಳಿದ ಮೇಲೆ ಜುಮಾದ ದಿನ ಜಮಾಅತ್ತಿನ ಹಿರಿಯರ ಮುಂದೆ ಎಲ್ಲವನ್ನೂ, ಆ ಮಳೆಯ ರಾತ್ರಿಯನ್ನೂ ಹೇಳಿದೆವು. ಕೆಲವರು ಕಾಲ ಕೆಟ್ಟಿದೆಯಲ್ಲ ಎಂದರು. ಅದು ಸುಳ್ಳಲ್ಲ. ಎಚ್ಚರಿಕೆ ತಪ್ಪಲ್ಲ, ನಮ್ಮ ಕ್ರಮ ತಪ್ಪಾಗಿತ್ತು. ಈಗ ಆ ಕೋಣೆ ಖಾಲಿಯಾಗಿದೆ. ಎರಡು ಚಾಪೆ, ಎರಡು ಕಂಬಳಿ, ಒಂದು ನೀರಿನ ಕೊಡ, ಸೈಕಲ್ಲಿಗೆ ಗಾಳಿ ಹಾಕುವ ಪಂಪು, ಪಂಕ್ಚರ್ ಸಾಮಾನು ಅಲ್ಲಿವೆ. ಯಾವ ಧರ್ಮದವರೇ ಬಂದರೂ ಮೊದಲು ನೀರು ಮತ್ತು ಊಟ. ಆಮೇಲೆ ಹೆಸರು, ಗುರುತನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಎಂದು ಒಪ್ಪಿಗೆಯಾಗಿದೆ. ಇದುವರೆಗೆ ಮೂವರು ತಂಗಿ ಹೋಗಿದ್ದಾರೆ. ಅವರಲ್ಲಿ ಆ ತರುಣನಿಲ್ಲ.

ಅವನಿಗಾಗಿ ದುಆ ಮಾಡಲು ಕೈಯೆತ್ತಿದಾಗಲೆಲ್ಲ ನಮಗೆ ಒಂದು ಕೊರತೆ ಕಾಡುತ್ತದೆ. ಅಂದು ಅವನ ಕಾರ್ಡನ್ನು ಕೇಳಿದೆವೇ ಹೊರತು ಹೆಸರನ್ನು ಕೇಳಲಿಲ್ಲ. ಹೆಸರು ತಿಳಿಯದ ನಮ್ಮ ಆ ಸಹೋದರನನ್ನು ಅಲ್ಲಾಹನು ಬಲ್ಲನು. ಅವನು ಎಲ್ಲಿದ್ದರೂ ಸುರಕ್ಷಿತವಾಗಿರಲಿ, ನಮ್ಮನ್ನು ಕ್ಷಮಿಸಲಿ. ದಾರಿಯಲ್ಲಿ ನಮಗೆ ಅನ್ನ, ನೀರು, ನೆರಳು ಕೊಟ್ಟ ಎಲ್ಲರ ಮನೆಗಳಲ್ಲಿ ಅಲ್ಲಾಹನು ಸಮೃದ್ಧಿ ನೀಡಲಿ. ನಮ್ಮ ಬಾಗಿಲಿಗೆ ಬರುವ ದಾರಿಯ ಮಗನ ಹಕ್ಕನ್ನು ಅರಿತು ಸಲ್ಲಿಸುವ ಸೌಭಾಗ್ಯವನ್ನು ನಮಗೂ ನಿಮಗೂ ಕರುಣಿಸಲಿ. ಆಮೀನ್.