ಬೆಂಕಿಗೂಡಿನ ಹಿಂದಿನ ಹಂಡೆ

ಇಂಗ್ಲೆಂಡಿನ ಲೆಸ್ಟರಿನಲ್ಲಿ ಮಗಳು ಕೊಂಡದ್ದು ಹಳೆಯ ಮನೆ. ನಡುಮನೆಯ ಬೆಂಕಿಗೂಡಿನ ಹಿಂದೆ, ಚಿಮಣಿಯೊಳಗೆ ಗ್ಯಾಸಿನ ‘ಬ್ಯಾಕ್ ಬಾಯ್ಲರ್’ ಅಡಗಿ ಕೂತಿತ್ತು. ಸ್ನಾನದ ನೀರು, ಕೋಣೆಗಳ ಕಾವು ಎರಡೂ ಅದರದೇ. ಉರಿಯಲು ಬೇಕಾದ ಗಾಳಿಯನ್ನು ಅದು ಕೋಣೆಯಿಂದಲೇ ಎಳೆದುಕೊಳ್ಳುತ್ತದೆ. ಚಳಿಯೆಂದು ಗಾಳಿಕಂಡಿ ಮುಚ್ಚಿದರೆ, ಚಿಮಣಿ ಕಟ್ಟಿಕೊಂಡರೆ, ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬಬಹುದು. ನಮ್ಮ ಬಚ್ಚಲೊಲೆಯ ಹೊಗೆಯಾದರೆ ಕಣ್ಣುರಿಸಿ ಎಚ್ಚರಿಸುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊಮ್ಮಗಳ ತೊಟ್ಟಿಲು ಅದೇ ಕೋಣೆಯಲ್ಲಿತ್ತು.

‘ಚೆನ್ನಾಗೇ ಉರಿಯುತ್ತಿದೆಯಲ್ಲ’ ಎಂದು ಅಳಿಯ ಖರ್ಚಿಗೆ ಹಿಂಜರಿದ. ಮಗಳು ಬಿಡಲಿಲ್ಲ. ‘ಗ್ಯಾಸ್ ಸೇಫ್’ ನೋಂದಣಿಯಿದ್ದವನನ್ನೇ ಕರೆಸಿ ಅದನ್ನು ತೆಗೆಸಿ, ಅಡುಗೆಮನೆಯ ಗೋಡೆಗೆ ಕಂಡೆನ್ಸಿಂಗ್ ಬಾಯ್ಲರ್ ಹಾಕಿಸಿದಳು. 2005ರಿಂದ ಅಲ್ಲಿ ಸಾಮಾನ್ಯವಾಗಿ ಅಂಥದ್ದೇ ಕಡ್ಡಾಯ. ಗಾಳಿ ಹೊರಗಿನಿಂದ, ಹೊಗೆಯೂ ಹೊರಗೇ. ಹೊಗೆಯ ಕಾವೂ ದಂಡವಾಗದು.

ನಮ್ಮೂರಿನ ಗ್ಯಾಸ್ ಗೀಸರಿಗೂ ಇದೇ ಮಾತು. ಮುಚ್ಚಿದ ಬಚ್ಚಲಲ್ಲಿ ಅದು ಬೇಡ, ತಾಯಂದಿರೇ.