ನೆರಳಿನ ಋಣ

ಅರವತ್ತು ದಾಟಿದ ಬಳಿಕ ಮನುಷ್ಯನಿಗೆ ಹೊಸ ವ್ಯಸನಗಳು ಅಂಟಬಾರದೆಂದು ಹಿರಿಯರು ಹೇಳುವದುಂಟು. ಆದರೆ ನಾನು ಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷವೇ, ಇಳಕಲ್ಲಿನಲ್ಲಿರುವ ನನ್ನ ಮಗಳು “ಅಪ್ಪಾ, ಮನಿಯಾಗ ಸುಮ್ಮನ ಕೂಡಬ್ಯಾಡ್ರಿ” ಎಂದು ಒಂದು ಕ್ಯಾಮೆರಾವನ್ನು ತಂದುಕೊಟ್ಟಳು. ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಕಂಠಪಾಠ ಮಾಡಿ ಬೆಳೆದ ನನಗೆ ಯಂತ್ರವು ಹೊಸದು. ನಿಯಮಗಳಿದ್ದ ಮೇಲೆ ಅದೂ ಒಂದು ಶಾಸ್ತ್ರವೇ ಅಲ್ಲವೆ ಎಂದು ಧೈರ್ಯ ತಂದುಕೊಂಡೆನು.

ಬಾದಾಮಿಯ ಗುಡ್ಡದ ಬುಡದಲ್ಲಿ ನಮ್ಮದೊಂದು ಸಣ್ಣ ಹೊಲವಿದೆ. ಹುಲಿ ಕರಡಿಗಳನ್ನು ಅರಸಿ ಹೋಗುವ ಶಕ್ತಿಯಾಗಲಿ ಹಣವಾಗಲಿ ನನ್ನಲ್ಲಿಲ್ಲ. ಹೊಲದ ಬದುವಿನಲ್ಲಿ ಓಡಾಡುವ ಅಳಿಲು, ಮೊಲ, ಮುಂಗುಸಿಗಳೇ ನನ್ನ ಪಾಲಿನ ವನ್ಯಮೃಗಗಳು. ಅವುಗಳಲ್ಲಿ ಮುಂಗುಸಿಯ ಮೇಲೆ ನನಗೆ ವಿಶೇಷ ಪ್ರೀತಿ. ಅದು ಹಗಲಿನಲ್ಲಿಯೇ ಸಂಚರಿಸುವ ಪ್ರಾಣಿ. ಮುದುಕನ ಕಣ್ಣಿಗೆ ಕಾಣಿಸಿಕೊಳ್ಳುವಷ್ಟು ದಯೆ ಅದಕ್ಕಿದೆ.

ಆದರೆ ನಮ್ಮ ಸೀಮೆಯ ಬಿಸಿಲಿಗೆ ದಯೆಯಿಲ್ಲ. ನಾನು ಬಹುಕಾಲ ಕಲಿಸಿದ ಹುನಗುಂದದ ಎರೆಭೂಮಿಯು ಬೆಳಕನ್ನು ನುಂಗಿಬಿಡುತ್ತದೆ. ಬಾದಾಮಿಯ ಬಂಡೆಯು ಅದನ್ನು ಮುಖಕ್ಕೆ ಎಸೆಯುತ್ತದೆ. ಚಿತ್ತಾರೆಯ ಹಳೆಯ ಸೂತ್ರವೊಂದುಂಟು: ಸ್ವಚ್ಛ ಬಿಸಿಲಿನಲ್ಲಿ ಮಸೂರದ ಕಂಡಿಯನ್ನು ಎಫ್ 16ಕ್ಕೆ ಇಟ್ಟು, ಐಎಸ್‌ಒ 200 ಆಗಿದ್ದರೆ ಸೆಕೆಂಡಿನ 200ನೆಯ ಒಂದು ಪಾಲಷ್ಟು ಹೊತ್ತು ಬೆಳಕನ್ನು ಬಿಡತಕ್ಕದ್ದು. ಓಡುವ ಪ್ರಾಣಿಗೆ ಇದು ಸಾಲದು. ಎಫ್ 8ಕ್ಕೆ ಬಂದರೆ 800ನೆಯ ಒಂದು ಪಾಲು ಸಾಕಾಗುವದು. ಸೂತ್ರವು ಬಯಲಿಗೆ ಸರಿ. ಆದರೆ ಮುಂಗುಸಿಯು ನಿಲ್ಲುವದು ಬಯಲಿನಲ್ಲಲ್ಲ, ಕಂಟಿಯ ಅಡಿಯಲ್ಲಿ. ಅಲ್ಲಿಯ ಬೆಳಕನ್ನು ಅಳೆದು ನೋಡಿದೆನು. ಬಯಲಿನದಕ್ಕಿಂತ ಎಂಟನೆಯ ಒಂದು ಪಾಲು, ಕೆಲವೊಮ್ಮೆ ಹದಿನಾರನೆಯ ಒಂದು ಪಾಲು. ಪ್ರಾಣಿಗೆ ಹೊಂದಿಸಿದರೆ ಹಿಂದಿನ ಬಂಡೆಯು ಸುಣ್ಣ ಬಳಿದಂತೆ ಬೆಳ್ಳಗಾಗುವದು. ಬಂಡೆಗೆ ಹೊಂದಿಸಿದರೆ ಪ್ರಾಣಿಯು ಇದ್ದಲಿನ ತುಂಡಾಗುವದು. ಕಪ್ಪು ಬಿಳುಪಿನ ಪಟ್ಟೆಗಳು ಒಂದೊಂದು ಕೂದಲಿನಲ್ಲಿಯೂ ಇರುವ ಆ ಸುಂದರವಾದ ಬೂದು ಮೈ ಎಲ್ಲಿಯೂ ಮೂಡಲೊಲ್ಲದು.

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಒಂದು ತಾಯಿ ಮುಂಗುಸಿಯು ಮೂರು ಮರಿಗಳೊಡನೆ ನಮ್ಮ ಬದುವಿನ ಬಾರೆಯ ಕಂಟಿಯಲ್ಲಿ ನೆಲೆಸಿತು. ಹದಿನೈದು ದಿನ ಕಾದರೂ ಒಂದು ಚಿತ್ರವೂ ನೆಟ್ಟಗೆ ಬರಲಿಲ್ಲ. ಎಲೆಯ ನೆರಳು ಮರಿಗಳ ಮೈಮೇಲೆ ಮಸಿಯ ಚುಕ್ಕೆಗಳನ್ನು ಇಡುತ್ತಿತ್ತು. ಆಗ ನನಗೆ ದುರ್ಬುದ್ಧಿಯೊಂದು ಹುಟ್ಟಿತು. ಒಂದು ಮಧ್ಯಾಹ್ನ, ಅವು ಬಿಲದೊಳಗೆ ಇದ್ದಾಗ, ಕುಡಗೋಲು ಹಿಡಿದು ಕಂಟಿಯ ಪಶ್ಚಿಮದ ಟೊಂಗೆಗಳನ್ನೆಲ್ಲ ಕಡಿದೆನು. ಬೆಳಕು ನಿರಾತಂಕವಾಗಿ ಒಳಗೆ ಬಂದಿತು. ಮರುದಿನ ತೆಗೆದ ಚಿತ್ರವು ಅತಿ ಸ್ಪಷ್ಟವಾಗಿತ್ತು. ಮರಿಯ ಕಣ್ಣಿನಲ್ಲಿ ಸೂರ್ಯನ ಬಿಂದು ಸಹ ಮಿನುಗುತ್ತಿತ್ತು. ಅದನ್ನು ಮಗಳಿಗೆ ಕಳಿಸಿ ಹಿರಿಹಿರಿ ಹಿಗ್ಗಿದೆನು.

ಮೂರನೆಯ ದಿನ ಎರಡೇ ಮರಿಗಳಿದ್ದವು. ನಾಲ್ಕನೆಯ ದಿನ ತಾಯಿಯೂ ಇಲ್ಲ, ಮರಿಗಳೂ ಇಲ್ಲ.

ಆ ದಾರಿಯಲ್ಲಿ ಆಡು ಮೇಯಿಸಿಕೊಂಡು ಬರುವ ಅಜ್ಜಿಯೊಬ್ಬಳಿದ್ದಾಳೆ. ಬೋಳಾದ ಬದುವನ್ನು ನೋಡಿ ನಿಂತು, “ಯಾಕ್ರೀ ಮಾಸ್ತರ್ರ, ಕಂಟಿ ಕಡದ್ರಿ? ಗಿಡಗಕ್ಕ ಮರಿ ತೋರಿಸಿಕೊಟ್ಟಂಗ ಆತಲ್ರೀ” ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಕಂಡದ್ದನ್ನು ಹೇಳಿ ಆಡುಗಳ ಹಿಂದೆ ಹೊರಟುಹೋದಳು. ನನಗೆ ಮಾತ್ರ ಅಲ್ಲಿಯೇ ಕಲ್ಲಿನ ಮೇಲೆ ಕೂಡಬೇಕಾಯಿತು.

ವಾಚಕರೇ, ಪಂಚತಂತ್ರದ ಐದನೆಯ ತಂತ್ರದ ಹೆಸರು ಅಪರೀಕ್ಷಿತಕಾರಕ. ವಿಚಾರಿಸದೆ ಮುಂಗುಸಿಯನ್ನು ಕೊಂದು, ಬಳಿಕ ಮಗುವಿನ ಪಕ್ಕದಲ್ಲಿ ಸತ್ತ ಹಾವನ್ನು ಕಂಡು ಗೋಳಾಡಿದ ಬ್ರಾಹ್ಮಣಿಯ ಕಥೆಯು ಅಲ್ಲಿಯದು. ಅದನ್ನು ನಾನು ಎಷ್ಟು ತರಗತಿಗಳಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ. ತಾತ್ಪರ್ಯವನ್ನು ಬರೆಯಿಸಿ ಅಂಕಗಳನ್ನೂ ಕೊಟ್ಟಿದ್ದೇನೆ. ಮುಂಗುಸಿಯ ಕೂದಲಿನಿಂದ ಚಿತ್ರಕಾರರ ಕುಂಚಗಳನ್ನು ಮಾಡುವರೆಂದೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದ್ದರೂ ಅದಕ್ಕಾಗಿ ಕಳ್ಳತನದಿಂದ ಅವನ್ನು ಕೊಲ್ಲುವರೆಂದೂ ಓದಿದಾಗ ನಾನು ಅಂಥವರನ್ನು ಶಪಿಸಿದ್ದುಂಟು. ಚಿತ್ರದ ಸಲುವಾಗಿ ನಾನು ಮಾಡಿದ್ದಾದರೂ ಏನು?

ಆ ಮೇಲೆ ಕೆಲವು ತಿಂಗಳು ಕ್ಯಾಮೆರಾವನ್ನು ಮುಟ್ಟಲಿಲ್ಲ. ಒಂದು ದಿನ ಊರಿನ ಮಕ್ಕಳೊಡನೆ ಮೇಣಬಸದಿಗಳಿಗೆ ಹೋಗಿದ್ದೆನು. ಶಕ 500, ಎಂದರೆ ಕ್ರಿ. ಶ. 578ರಲ್ಲಿ, ಅಣ್ಣನಾದ ಕೀರ್ತಿವರ್ಮನ ಆಳಿಕೆಯಲ್ಲಿ ಮಂಗಳೇಶನು ಮಾಡಿಸಿದ ಮೂರನೆಯ ಗುಹೆಯ ಪಡಸಾಲೆಯಲ್ಲಿ ಕುಳಿತಾಗ ಒಂದು ಸಂಗತಿಯು ಹೊಳೆಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗಿನ ಮೂರ್ತಿಗಳಿಗೆ ಅದು ನೇರವಾಗಿ ತಗಲುತ್ತಿಲ್ಲ. ಆದರೂ ಅವುಗಳ ತುಟಿಯ ಗೆರೆಯೂ ಕಾಣುತ್ತದೆ. ಅಂಗಳದ ಕೆಂಗಲ್ಲಿಗೆ ಬಿದ್ದು ಹಿಂದಿರುಗಿದ ಬೆಳಕು ಅಲ್ಲಿಯವರೆಗೆ ಮೆಲ್ಲನೆ ಬಂದು ಮುಟ್ಟುತ್ತದೆ. ಕಂಬಗಳನ್ನು ಕಡಿದು ಬಿಸಿಲನ್ನು ಒಳಗೆ ತರುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅಂದಿನಿಂದ ನನ್ನ ಕ್ರಮವು ಬದಲಾಯಿತು. ಕೆಂಬಂಡೆಯ ಮಗ್ಗುಲಲ್ಲಿ, ಪ್ರಾಣಿಯು ತಾನಾಗಿ ಓಡಾಡುವ ದಾರಿಗೆ ದೂರದಲ್ಲಿ, ನೆಲಕ್ಕೆ ಹತ್ತಿ ಕೂಡುತ್ತೇನೆ. ತಿಂಡಿಯ ಆಸೆ ತೋರಿಸುವದಿಲ್ಲ, ಬಿಲವನ್ನು ಕೆದಕುವದಿಲ್ಲ, ಎಲೆಯೊಂದನ್ನೂ ಸರಿಸುವದಿಲ್ಲ. ನಡು ಹಗಲಿನಲ್ಲಿ ಕ್ಯಾಮೆರಾ ಚೀಲದಲ್ಲಿಯೇ ಇರುವದು. ಅಳಿಲಿನ ಬಿಳಿಯ ಪಟ್ಟೆ ಸುಟ್ಟುಹೋಗದಂತೆ ಬೆಳಕನ್ನು ತುಸು ಕಡಿಮೆ ಮಾಡುತ್ತೇನೆ. ಕತ್ತಲೆಯಾಗಿ ಬಂದದ್ದನ್ನು ಬಳಿಕ ಸ್ವಲ್ಪವಾದರೂ ತಿದ್ದಬಹುದು, ಸುಟ್ಟುಹೋದದ್ದು ಹಿಂದಿರುಗಲಾರದು. ನಮ್ಮ ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು 1983ರಲ್ಲಿ ಪ್ರಕಟಿಸಿದ ತಮ್ಮ ವನ್ಯಜೀವಿ ಛಾಯಾಚಿತ್ರಗಳ ಗ್ರಂಥಕ್ಕೆ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂದು ಹೆಸರಿಟ್ಟಿದ್ದರು. ಬಿಸಿಲಿನ ಸಂಗಡ ನೆರಳಿಗೂ ಅವರು ಸ್ಥಾನವಿತ್ತದ್ದು ಏಕೆಂಬುದು ನನಗೆ ತಡವಾಗಿ ತಿಳಿಯಿತು.

ಕಳೆದ ಮಾಘಮಾಸದ ಒಂದು ಸಂಜೆ ನನಗೊಂದು ಚಿತ್ರವು ಲಭಿಸಿತು. ಬಂಡೆಯ ಬಳಿ ನಿಂತ ಮುಂಗುಸಿಯ ಒಂದು ಮಗ್ಗುಲಿಗೆ ಇಳಿಬಿಸಿಲು ಬಿದ್ದು ಬಂಗಾರವಾಗಿದೆ. ಇನ್ನೊಂದು ಮಗ್ಗುಲು ನೆರಳಿನಲ್ಲಿದೆ, ಬಂಡೆಯ ಕೆಂಪು ಮಾತ್ರ ಅದನ್ನು ತಡವಿದೆ. ಭಾರತದ ಆಶ್ವಮೇಧಿಕ ಪರ್ವದಲ್ಲಿ ಬಡ ಬ್ರಾಹ್ಮಣನ ಹಿಟ್ಟಿನ ದಾನದಿಂದ ಅರ್ಧ ಮೈ ಹೊನ್ನಾದ ಮುಂಗುಸಿಯು ಉಳಿದರ್ಧವೂ ಹೊನ್ನಾಗಲೆಂದು ಧರ್ಮರಾಜನ ಯಜ್ಞಶಾಲೆಗೆ ಬಂದು, ಆಗದೆ ನಿರಾಶೆಗೊಂಡಿತು. ನಾನೂ ಹಿಂದೊಮ್ಮೆ ಆ ಉಳಿದರ್ಧಕ್ಕಾಗಿ ಕುಡಗೋಲು ಹಿಡಿದವನು. ಈಗ ಆ ಆಸೆಯಿಲ್ಲ.

ಸ್ಪಷ್ಟವಾಗಿ ಮೂಡಿದ ಆ ಮರಿಯ ಚಿತ್ರವನ್ನು ಅಳಿಸಿಲ್ಲ. ಯಾರಿಗೂ ತೋರಿಸುವದೂ ಇಲ್ಲ. ಕಡಿದ ಬಾರೆಯು ಮಳೆ ಬಿದ್ದ ಕೂಡಲೆ ಚಿಗುರಿ, ಈಗ ನನ್ನ ಎದೆಮಟ್ಟಕ್ಕೆ ಬೆಳೆದಿದೆ. ಆಡಿನ ಅಜ್ಜಿಯು ಮೊನ್ನೆ ಅದರ ಪಕ್ಕದಲ್ಲಿ ಹಾಯುತ್ತ, ಆಡುಗಳು ಅದಕ್ಕೆ ಬಾಯಿ ಹಾಕದಂತೆ ತಾನೇ ಅಟ್ಟಿಕೊಂಡು ಹೋದಳು.